ಹಳೆಯ ಕಂಪ್ಯೂಟರಿನಲ್ಲಿ ಆಟ ತಡವರಿಸದಿರಲು: ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು

“ಒಂದು ಗ್ರಾಫಿಕ್ಸ್ ಕಾರ್ಡ್ ಕೊಡಿಸು ಮಾಮ, ಆಟ ನಿಂತು ನಿಂತು ಓಡುತ್ತದೆ” ಎಂದು ಅಕ್ಕನ ಮಗ ರಜೆಯುದ್ದಕ್ಕೂ ಹಿಂದೆ ಬಿದ್ದಿದ್ದ. ಮೈಸೂರಿನ ಅವರ ಮನೆಯಲ್ಲಿರುವುದು 2014ರಲ್ಲಿ ಭಾವ ಅಸೆಂಬಲ್ ಮಾಡಿಸಿದ ಯಂತ್ರ. ಇಂಟೆಲ್ ಕೋರ್ ಐ5-4460 ಪ್ರೊಸೆಸರ್, ಎಚ್81 ಚಿಪ್‌ಸೆಟ್‌ನ ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಆ ವರ್ಷಗಳಲ್ಲಿ ಮನೆಬಳಕೆಗೆಂದು ಜೋಡಿಸಿದ ಬಹುಪಾಲು ಕಂಪ್ಯೂಟರುಗಳ ಜಾತಕ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ.

ಹುಡುಗ ಕೇಳಿದ್ದು ತಪ್ಪಲ್ಲ. ಆದರೆ ಕೊನೆಗೆ ನಮ್ಮ ಖರ್ಚಿನ ಪಟ್ಟಿಯಲ್ಲಿ ಕಾರ್ಡ್ ನಾಲ್ಕನೆಯದಾಗಿ ಬಂತು. ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಮಾಹಿತಿ ಇಡುವ ವೇಗದ ಡಿಸ್ಕ್), ರ‍್ಯಾಮ್, ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ವಿದ್ಯುತ್ ಹಂಚುವ ಡಬ್ಬ) ಅದಕ್ಕಿಂತ ಮುಂದೆ ನಿಂತವು. ಈ ಮೂರನ್ನು ಹಾರಿ ನೇರವಾಗಿ ಕಾರ್ಡ್ ತಂದಿದ್ದರೆ ಎತ್ತು ಏರಿಗೆ ಎಳೆದು ಕೋಣ ನೀರಿಗೆ ಎಳೆದಂತೆ ಆಗುತ್ತಿತ್ತು: ಕಾರ್ಡ್ ಚಿತ್ರ ಬಿಡಿಸಲು ಸಿದ್ಧವಾಗಿ ಕೂತಿರುತ್ತಿತ್ತು, ಹಾರ್ಡ್ ಡಿಸ್ಕ್ ಇನ್ನೂ ಕಡತ ಹುಡುಕುತ್ತಿರುತ್ತಿತ್ತು. ಯಾವ ಬಿಡಿಭಾಗ ಉಳಿದವನ್ನು ಕಾಯಿಸುತ್ತಿದೆಯೋ ಅದಕ್ಕೆ ಮೊದಲು ದುಡ್ಡು ಹಾಕಬೇಕು. ಅಂಗಡಿಯವರ ಕಪಾಟಿನಲ್ಲಿ ಏನು ಉಳಿದಿದೆ ಎಂಬುದು ನಮ್ಮ ತಲೆನೋವಲ್ಲ.

ಕೆಳಗೆ ಹೇಳುವುದೆಲ್ಲ ಆ ಒಂದು ಯಂತ್ರದ ಸುತ್ತ ಇದೆ. ನಿಮ್ಮದು ಬೇರೆ ಮಾದರಿಯಾದರೂ ಕೆಲಸದ ಕ್ರಮ ಬದಲಾಗುವುದಿಲ್ಲ. ಲ್ಯಾಪ್‌ಟಾಪ್ ಆಗಿದ್ದರೆ ಮಾತ್ರ ಸ್ವಚ್ಛತೆ, ಎಸ್‌ಎಸ್‌ಡಿ, ರ‍್ಯಾಮ್ ಇಷ್ಟಕ್ಕೇ ನಿಲ್ಲಬೇಕಾಗುತ್ತದೆ.

ಮೊದಲು ನಾಡಿ ಹಿಡಿಯಿರಿ

ಆಟ ನಯವಾಗಿ ಓಡುವುದೆಂದರೇನು? ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು, ಅಂದರೆ 60 ಫ್ರೇಮ್‌ಗಳು ಬರಬೇಕಾದರೆ ಒಂದೊಂದು ಫ್ರೇಮಿಗೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಐವತ್ತೊಂಬತ್ತು ಫ್ರೇಮ್‌ಗಳು ಸಮಯಕ್ಕೆ ಬಂದು ಒಂದೇ ಒಂದು 100 ಮಿಲಿಸೆಕೆಂಡ್ ತಡಮಾಡಿದರೂ ಸರಾಸರಿ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ, ಕಣ್ಣಿಗೆ ಮಾತ್ರ ಆ ಎಡವು ತಪ್ಪದೆ ತಿಳಿಯುತ್ತದೆ. ಆದ್ದರಿಂದ ಸರಾಸರಿಯನ್ನು ನಂಬಿ ಕೂರಬೇಡಿ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ, ಅದರ ಜೊತೆಗೇ ಬರುವ ರಿವಾಟ್ಯೂನರ್ ಹಾಕಿಕೊಂಡರೆ ಆಟದ ಮೂಲೆಯಲ್ಲಿ ಫ್ರೇಮ್ ಸಮಯದ ಗೆರೆ ಕಾಣಿಸುತ್ತದೆ. ಗೆರೆ ಸಮತಟ್ಟಾಗಿದ್ದರೆ ಆಟ ನಯವಾಗಿದೆ ಎಂದು ಅರ್ಥ. ಗೆರೆಯಲ್ಲಿ ಮುಳ್ಳುಗಳು ಎದ್ದಷ್ಟೂ ತಡವರಿಕೆ.

ಇದರ ಜೊತೆಗೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದಿಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಬರುತ್ತದೆ. ಹತ್ತು ನಿಮಿಷ ಆಡಿ, ಎಡವಿದ ಕೂಡಲೇ ಅದರ ಪರ್ಫಾರ್ಮೆನ್ಸ್ ಪುಟಕ್ಕೆ ಬಂದು ನೋಡಿ. ಡಿಸ್ಕ್ 100 ಪ್ರತಿಶತದಲ್ಲಿ ಅಂಟಿಕೊಂಡಿದ್ದರೆ ತಪ್ಪಿತಸ್ಥ ಹಾರ್ಡ್ ಡಿಸ್ಕ್. ಮೆಮೊರಿ 90 ಪ್ರತಿಶತ ದಾಟಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಅನೇಕ ವೇಳೆ ಈ ಎರಡೂ ಒಂದೇ ಕಾಯಿಲೆಯ ಎರಡು ಲಕ್ಷಣ: ರ‍್ಯಾಮ್ ತುಂಬಿದಾಗ ವಿಂಡೋಸ್ ಹೆಚ್ಚಿನದನ್ನು ಡಿಸ್ಕಿಗೆ ಎತ್ತಿಡುತ್ತದೆ, ಬೇಕಾದಾಗ ಅಲ್ಲಿಂದ ಮತ್ತೆ ತರುತ್ತದೆ. ಅಷ್ಟರಲ್ಲಿ ಆಟ ಮರಗಟ್ಟಿ ನಿಂತಿರುತ್ತದೆ.

ಪ್ರೊಸೆಸರ್ ಲೆಕ್ಕ ಓದುವಾಗ ಸ್ವಲ್ಪ ಎಚ್ಚರ ಬೇಕು. ಐ5-4460ಯಲ್ಲಿ ನಾಲ್ಕು ಕೋರ್‌ಗಳಿವೆ. ಒಂದೇ ಕೋರ್ ಪೂರ್ತಿ ದುಡಿದು ಬಸವಳಿದು ಉಳಿದ ಮೂರು ಸುಮ್ಮನಿದ್ದರೂ ಒಟ್ಟು ಲೆಕ್ಕ 25 ಪ್ರತಿಶತವೆಂದೇ ತೋರಿಸುತ್ತದೆ. ಗ್ರಾಫಿನ ಮೇಲೆ ಬಲ ಗುಂಡಿ ಒತ್ತಿ, ಒಂದೊಂದು ಕೋರನ್ನೂ ಬೇರೆ ಬೇರೆಯಾಗಿ ತೋರಿಸುವಂತೆ ಬದಲಾಯಿಸಿಕೊಳ್ಳಿ.

ಪ್ರೊಸೆಸರ್ ಮತ್ತು ಗ್ರಾಫಿಕ್ಸ್‌ಗಳಲ್ಲಿ ಯಾವುದು ಸೋಲುತ್ತಿದೆ ಎಂದು ತಿಳಿಯಲು ನನಗೆ ಇಷ್ಟವಾದ ಪರೀಕ್ಷೆಗೆ ಯಾವ ತಂತ್ರಾಂಶವೂ ಬೇಡ. ಆಟದ ರೆಸಲ್ಯೂಶನ್ನನ್ನು 1920×1080ರಿಂದ 1280×720ಕ್ಕೆ ಇಳಿಸಿ. ಮೊದಲನೆಯದರಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳನ್ನು ಬಿಡಿಸಬೇಕು, ಎರಡನೆಯದರಲ್ಲಿ ಸುಮಾರು 9.2 ಲಕ್ಷ. ಗ್ರಾಫಿಕ್ಸ್‌ಗೆ ಕೆಲಸ ಅರ್ಧಕ್ಕಿಂತ ಕಡಿಮೆಯಾಯಿತು, ಪ್ರೊಸೆಸರಿಗೆ ಅಷ್ಟೇ ಇದೆ. ಫ್ರೇಮ್ ಸಂಖ್ಯೆ ನೆಗೆದರೆ ಸೋಲುತ್ತಿದ್ದದ್ದು ಗ್ರಾಫಿಕ್ಸ್. ಅಲ್ಲಾಡದಿದ್ದರೆ ಪ್ರೊಸೆಸರ್.

ನಮ್ಮ ಯಂತ್ರದಲ್ಲಿ ಎಡವಿದಾಗಲೆಲ್ಲ ಡಿಸ್ಕ್ 100ರಲ್ಲಿತ್ತು, ಮೆಮೊರಿ ತುಂಬಿ ತುಳುಕುತ್ತಿತ್ತು. ಪ್ರೊಸೆಸರಿನ ತಾಪಮಾನ ನೋಡಿದಾಗ ಇನ್ನೊಂದು ಸಂಗತಿ ಬಯಲಾಯಿತು: 97 ಡಿಗ್ರಿ.

ದೂಳು, ಬಿಸಿ ಮತ್ತು ಮರದ ಪೆಟ್ಟಿಗೆ

ಈ ಪ್ರೊಸೆಸರ್‌ಗಳು 100 ಡಿಗ್ರಿಯ ಹತ್ತಿರ ಬಂದಾಗ ಸುಟ್ಟುಹೋಗದಂತೆ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಹೊಸ ಬಿಡಿಭಾಗ ಎಷ್ಟೇ ತಂದರೂ ಬಿಸಿಯಾದ ಪ್ರೊಸೆಸರ್ ಕುಂಟುತ್ತಲೇ ಇರುತ್ತದೆ. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ತಾಪಮಾನ ಕಾಣುತ್ತದೆ. ಆಟದ ನಡುವೆ 75–80 ಡಿಗ್ರಿ ಇದ್ದರೆ ಚಿಂತೆಯಿಲ್ಲ, 90 ದಾಟಿದರೆ ಬಿಚ್ಚಿ ನೋಡಲೇಬೇಕು.

ಬಿಚ್ಚುವ ಮೊದಲು ಕಂಪ್ಯೂಟರ್ ಎಲ್ಲಿದೆ ನೋಡಿ. ನಮ್ಮ ಮನೆಗಳ ಕಂಪ್ಯೂಟರ್ ಮೇಜಿನಲ್ಲಿ ಕ್ಯಾಬಿನೆಟ್ ಇಡಲೆಂದೇ ಒಂದು ಗೂಡು ಇರುತ್ತದೆ. ಮೂರು ಕಡೆ ಹಲಗೆ, ಹಿಂದೆ ಗೋಡೆ, ಕೆಲವು ಮನೆಗಳಲ್ಲಿ ಮೇಲೊಂದು ಕಸೂತಿ ಬಟ್ಟೆ. ಬಿಸಿ ಗಾಳಿ ಹೊರಹೋಗದೆ ಅಲ್ಲೇ ಸುತ್ತುತ್ತದೆ. ಅಕ್ಕನ ಮನೆಯ ಕ್ಯಾಬಿನೆಟ್ಟನ್ನು ಆ ಗೂಡಿನಿಂದ ಹೊರಗೆಳೆದು ಗೋಡೆಯಿಂದ ಒಂದು ಗೇಣು ದೂರ ಇಟ್ಟದ್ದಕ್ಕೇ ಕೆಲವು ಡಿಗ್ರಿ ಇಳಿಯಿತು. ಬಳ್ಳಾರಿ, ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿಗೆ ಕಾದಿರುವಾಗ ಇದು ಸಣ್ಣ ವಿಷಯವಲ್ಲ.

ಇನ್ನು ಸ್ವಚ್ಛತೆ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಿ. ಕ್ಯಾಬಿನೆಟ್ಟನ್ನು ಅಂಗಳಕ್ಕೋ ಮಹಡಿಗೋ ಒಯ್ಯಿರಿ, ಒಳಗೆ ಊದಿದರೆ ಮನೆಯವರಿಂದ ಬೈಗುಳ ಖಚಿತ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಿ. ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಹೊರಗಿನಿಂದ ಊದಿದರೆ ಸಾಕು.

ಹತ್ತು ವರ್ಷ ಹಳೆಯ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪದರದಂತಾಗಿರುತ್ತದೆ. ಇಂಟೆಲ್ ಜೊತೆಗೆ ಬರುವ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಕಾಲುಗಳು. ಮೇಲೆ ಕೊರೆದಿರುವ ಬಾಣದ ದಿಕ್ಕಿಗೆ ತಿರುಗಿಸಿ ಮೇಲಕ್ಕೆಳೆದರೆ ಕಳಚುತ್ತವೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಮೆತ್ತನೆಯ ಬಟ್ಟೆಯಿಂದ ಒರೆಸಿ ತೆಗೆದು, ಹೊಸದನ್ನು ಬಟಾಣಿ ಕಾಳಿಗಿಂತ ಚಿಕ್ಕದಾಗಿ ನಡುವೆ ಇಡಿ. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂದುಕೊಳ್ಳಬೇಡಿ. ಕೂಲರ್ ಕೂರಿಸುವಾಗ ಕಾಲುಗಳನ್ನು ಮೊದಲಿನ ಸ್ಥಿತಿಗೆ ತಿರುಗಿಸಿಕೊಂಡು, ಎದುರುಬದುರು ಮೂಲೆಗಳನ್ನು ಜೋಡಿಯಾಗಿ ಒತ್ತಿ. ನಾಲ್ಕೂ ‘ಟಕ್’ ಎನ್ನಬೇಕು. ನಮ್ಮಲ್ಲಿ 97 ಡಿಗ್ರಿಗೆ ಕಾರಣವಾದದ್ದು ಇದೇ: ಹಿಂದೆ ಯಾರೋ ರಿಪೇರಿ ಮಾಡಿದಾಗ ಒಂದು ಕಾಲು ಪೂರ್ತಿ ಕೂತಿರಲಿಲ್ಲ. ಪೇಸ್ಟ್ ಬದಲಿಸಿ ಸರಿಯಾಗಿ ಕೂರಿಸಿದ ಮೇಲೆ ಆಟದಲ್ಲೂ ತಾಪಮಾನ 70ರ ಆಸುಪಾಸಿನಲ್ಲೇ ನಿಂತಿತು. ಒಟ್ಟು ಖರ್ಚು ಒಂದು ಪೇಸ್ಟ್ ಟ್ಯೂಬು.

ಒಳಗೆ ಕೈ ಹಾಕಿರುವಾಗಲೇ ಮದರ್‌ಬೋರ್ಡಿನ ಗುಂಡು ಬ್ಯಾಟರಿಯನ್ನೂ ಬದಲಿಸಿಬಿಡಿ. ಅದರ ಹೆಸರು ಸಿಆರ್2032, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅದು ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ತಪ್ಪುತ್ತದೆ, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಏಳುವ ಬೋರ್ಡಿನ ಮೂಲ ತಂತ್ರಾಂಶದಲ್ಲಿ) ನೀವು ಮಾಡಿದ ಬದಲಾವಣೆಗಳೂ ಅಳಿಸಿಹೋಗುತ್ತವೆ.

ದುಡ್ಡಿಲ್ಲದೆ ಆಗುವ ಇನ್ನೆರಡು ಕೆಲಸಗಳಿವೆ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪುಟದಲ್ಲಿ ಬೇಡದ್ದನ್ನೆಲ್ಲ ನಿಲ್ಲಿಸಿ, ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸ್‌ಗೆ ಬದಲಿಸಿ. ‘ಒಂದೇ ಗುಂಡಿಯಲ್ಲಿ ವೇಗ ಹೆಚ್ಚಿಸುವ’ ತಂತ್ರಾಂಶಗಳ ಹತ್ತಿರ ಮಾತ್ರ ಸುಳಿಯಬೇಡಿ. ಅವು ತಾವೇ ಒಂದು ಹೊರೆ.

ಎಸ್‌ಎಸ್‌ಡಿ: ಮೊದಲ ನಿಜವಾದ ಖರ್ಚು

ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ನಾಲ್ಕು ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಸೂಜಿ ಅತ್ತಿತ್ತ ಸರಿಯುವ ಸಮಯ ಬೇರೆ. ಒಂದು ಫ್ರೇಮಿಗೆ ಸಿಗುವುದೇ 16.7 ಮಿಲಿಸೆಕೆಂಡ್ ಎಂಬುದನ್ನು ನೆನೆದರೆ, ದೊಡ್ಡ ನಗರದಲ್ಲಿ ಕಾರು ಓಡಿಸುವ ಆಟವೊಂದು ರಸ್ತೆ ರಸ್ತೆಗೂ ಹೊಸ ಕಟ್ಟಡಗಳನ್ನು ಡಿಸ್ಕಿನಿಂದ ಎತ್ತಿಕೊಳ್ಳುವಾಗ ಏಕೆ ಎಡವುತ್ತದೆಂದು ಅರ್ಥವಾಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅದನ್ನು ಹಾಕಿದ ಮಾತ್ರಕ್ಕೆ ಫ್ರೇಮ್‌ಗಳ ಸರಾಸರಿ ಏರುವುದಿಲ್ಲ, ಆ ಭ್ರಮೆ ಬೇಡ. ಆದರೆ ಗೆರೆಯ ಮೇಲಿನ ಮುಳ್ಳುಗಳು ಬಹುಪಾಲು ಮಾಯವಾಗುತ್ತವೆ.

ಇಷ್ಟು ಹಳೆಯ ಬೋರ್ಡಿಗೆ 2.5 ಇಂಚಿನ ಸಾಟಾ (ಹಾರ್ಡ್ ಡಿಸ್ಕ್ ಜೋಡಿಸುವ ಅದೇ ಬಗೆಯ ಕಿಂಡಿಯ) ಎಸ್‌ಎಸ್‌ಡಿಯೇ ಸರಿ. ಗಾತ್ರ 500 ಜಿಬಿ ಇರಲಿ. 240 ಜಿಬಿಯದ್ದು ಅಗ್ಗವೆಂದು ತಂದರೆ ವಿಂಡೋಸ್ ಮತ್ತು ಒಂದೆರಡು ದೊಡ್ಡ ಆಟಗಳಿಗೇ ಅದು ಮುಗಿದುಹೋಗುತ್ತದೆ. ಎಚ್81 ಚಿಪ್‌ಸೆಟ್‌ನಲ್ಲಿ ನಾಲ್ಕು ಸಾಟಾ ಕಿಂಡಿಗಳಿದ್ದು, ಅವುಗಳಲ್ಲಿ ಎರಡು ಮಾತ್ರ ಸೆಕೆಂಡಿಗೆ 6 ಗಿಗಾಬಿಟ್‌ನವು, ಉಳಿದೆರಡು ಅದರ ಅರ್ಧ ವೇಗದವು. ಬೋರ್ಡಿನ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಅನೇಕ ಸಲ ಬಣ್ಣವೂ ಬೇರೆ. ಎಸ್‌ಎಸ್‌ಡಿಯ ತಂತಿಯನ್ನು ವೇಗದ ಕಿಂಡಿಗೇ ಸಿಕ್ಕಿಸಿ. ವಿಂಡೋಸ್ ಹಾಕುವ ಮೊದಲೇ ಬಯಾಸ್‌ನಲ್ಲಿ ಸಾಟಾ ವಿಧಾನ ಎಎಚ್‌ಸಿಐ ಎಂದಿದೆಯೇ ನೋಡಿಕೊಳ್ಳಿ. ವಿಂಡೋಸ್ ಹಾಕಿದ ಮೇಲೆ ಸುಮ್ಮನೆ ಬದಲಿಸಿದರೆ ನೀಲಿ ಪರದೆ ಎದುರಾಗುವ ಸಾಧ್ಯತೆಯೇ ಹೆಚ್ಚು.

ಹಳೆಯ ಡಿಸ್ಕನ್ನು ಹಾಗೆಯೇ ನಕಲು ಮಾಡಬಹುದು. ಹತ್ತು ವರ್ಷದ ಕಸವನ್ನೂ ಹೊಸ ಮನೆಗೆ ಹೊತ್ತೊಯ್ಯುವುದೇಕೆ ಎಂದು ನಾನು ಹೊಸದಾಗಿಯೇ ವಿಂಡೋಸ್ ಹಾಕಿದೆ. ಹಾಗೆ ಮಾಡುವವರಿಗೊಂದು ಕಿವಿಮಾತು: ಫೋಟೊ, ಮಾರ್ಕ್ಸ್ ಕಾರ್ಡುಗಳನ್ನು ಎಲ್ಲರೂ ಎತ್ತಿಟ್ಟುಕೊಳ್ಳುತ್ತಾರೆ, ಫಾಂಟ್‌ಗಳನ್ನು ಮರೆಯುತ್ತಾರೆ. ಅಕ್ಕ ಶಾಲೆಯ ಕೆಲಸಕ್ಕೆಂದು ಹಳೆಯ ನುಡಿ ಫಾಂಟಿನಲ್ಲಿ ಬರೆದಿಟ್ಟ ಪ್ರಶ್ನೆಪತ್ರಿಕೆಗಳು ಹೊಸ ವಿಂಡೋಸ್‌ನಲ್ಲಿ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಂಡವು. ಯುನಿಕೋಡ್ ಅಲ್ಲದ ಅಂಥ ಕಡತಗಳಿಗೆ ಅದೇ ಫಾಂಟ್ ಮತ್ತೆ ಹಾಕಲೇಬೇಕು. ಆಟದ ಕಂಪ್ಯೂಟರ್ ಸರಿಮಾಡಲು ಹೋಗಿ ನಾನು ಒಂದು ಸಂಜೆ ಪೂರ್ತಿ ಫಾಂಟ್ ಹುಡುಕಿದೆ.

ಯಾವ ವಿಂಡೋಸ್ ಎಂಬುದೂ ಈ ಹಂತದಲ್ಲೇ ತೀರ್ಮಾನವಾಗಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಮೈಕ್ರೊಸಾಫ್ಟ್ ಇನ್ನೊಂದು ವರ್ಷದ ಭದ್ರತಾ ಪರಿಷ್ಕರಣೆಗಳನ್ನು ಘೋಷಿಸಿತು. ವಿಂಡೋಸ್ 11ಕ್ಕೆ ಅಧಿಕೃತವಾಗಿ ಇಂಟೆಲ್‌ನ ಎಂಟನೇ ಪೀಳಿಗೆ ಅಥವಾ ಆಮೇಲಿನ ಪ್ರೊಸೆಸರ್ ಮತ್ತು ಟಿಪಿಎಂ 2.0 (ಭದ್ರತೆಗೆಂದೇ ಇರುವ ಸೌಲಭ್ಯ) ಬೇಕು. ನಮ್ಮದು ನಾಲ್ಕನೇ ಪೀಳಿಗೆ. ಅಡ್ಡದಾರಿಯಿಂದ ಹಾಕಲು ಸಾಧ್ಯವಿದೆ, ಆದರೆ ವ್ಯಾಲರಂಟ್ ಆಡುವವರು ಯೋಚಿಸಬೇಕು: ವಿಂಡೋಸ್ 11ರಲ್ಲಿ ಅದರ ಕಾವಲು ತಂತ್ರಾಂಶ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶದಿಂದಲೇ ಯಂತ್ರ ಏಳುವಂತೆ ಮಾಡುವ ಬಯಾಸ್ ಆಯ್ಕೆ) ಎರಡನ್ನೂ ಕೇಳುತ್ತದೆ, ಇಲ್ಲದಿದ್ದರೆ ಆಟ ತೆರೆಯುವುದಿಲ್ಲ. ಲಿನಕ್ಸ್‌ನಲ್ಲಿ, ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿ ಕೊಡುವ ಪ್ರೋಟಾನ್ (ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ನಡೆಸುವ ತಂತ್ರಾಂಶ) ಮೂಲಕ ಬಹಳಷ್ಟು ಆಟಗಳು ಚೆನ್ನಾಗಿ ಓಡುತ್ತವೆ, ಆದರೆ ವ್ಯಾಲರಂಟ್ ಅಲ್ಲಿ ನಡೆಯುವುದಿಲ್ಲ. ಇನ್ನೂ ವಿಂಡೋಸ್ 7ರಲ್ಲೇ ಇರುವವರಿಗೆ 2024ರ ಜನವರಿ 1ರಿಂದ ಸ್ಟೀಮ್ ಬೆಂಬಲವೂ ಇಲ್ಲ.

ರ‍್ಯಾಮ್: ಜೋಡಿಯಾಗಿ ಹಾಕಿ

ಇಂದು ಆಟಕ್ಕೆ 8 ಜಿಬಿ ಕನಿಷ್ಠ, 16 ಜಿಬಿ ನೆಮ್ಮದಿ. ಎಚ್81 ಬೋರ್ಡಿನಲ್ಲಿ ಎರಡೇ ಕಿಂಡಿ, ಗರಿಷ್ಠ 16 ಜಿಬಿ. ಹಾಗಾಗಿ 8 ಜಿಬಿಯ ಎರಡು ಡಿಡಿಆರ್3 ಪಟ್ಟಿಗಳು, 1600 ವೇಗದವು. ಒಂದೇ ಪಟ್ಟಿಯಿದ್ದರೆ ಮಾಹಿತಿ ಹರಿಯುವ ದಾರಿ ಸೆಕೆಂಡಿಗೆ 12.8 ಜಿಬಿ, ಜೋಡಿಯಿದ್ದರೆ 25.6 ಜಿಬಿ. ಪ್ರತ್ಯೇಕ ಕಾರ್ಡ್ ಇಲ್ಲದ ಯಂತ್ರದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ, ಏಕೆಂದರೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮನ್ನು ಹಂಚಿಕೊಂಡು ಬದುಕುತ್ತದೆ.

ಡಿಡಿಆರ್3 ಈಗ ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಮಾಲು. ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಸಿಗುವ ಕೆಲವು 8 ಜಿಬಿ ಪಟ್ಟಿಗಳ ವಿವರಣೆಯಲ್ಲಿ ‘ಎಎಂಡಿಗೆ ಮಾತ್ರ’ ಎಂಬ ಸಾಲು ಅಡಗಿರುತ್ತದೆ. ಅವು ಇಂಟೆಲ್ ಬೋರ್ಡಿನಲ್ಲಿ ಏಳುವುದೇ ಇಲ್ಲ. ಡಿಡಿಆರ್4 ಪಟ್ಟಿ ಈ ಕಿಂಡಿಯಲ್ಲಿ ಕೂರುವುದಿಲ್ಲ, ಕಚ್ಚು ಬೇರೆ ಕಡೆ ಇದೆ. ಒತ್ತಿ ಕೂರಿಸಲು ಹೋಗಬೇಡಿ. ಹಾಕಿದ ಮೇಲೆ ಪರದೆ ಬರದಿದ್ದರೆ ನಮ್ಮೂರ ರಿಪೇರಿಯವರ ಹಳೆಯ ಮದ್ದು ನೆನಪಿರಲಿ: ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಶಾಲೆಯ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ‘ಟಕ್’ ಎನ್ನುವವರೆಗೆ ಒತ್ತಿ. ಹತ್ತರಲ್ಲಿ ಆರು ಸಲ ಏಳುತ್ತದೆ ಎಂದು ನನ್ನ ಅಂದಾಜು. ಎದ್ದ ಮೇಲೆ ರಾತ್ರಿ ಪಟ್ಟಿಯ ದೋಷ ಹುಡುಕುವ ಮೆಮ್‌ಟೆಸ್ಟ್86 ತಂತ್ರಾಂಶ ಓಡಿಸಿಟ್ಟು ಮಲಗಿ. ಬೆಳಿಗ್ಗೆ ಒಂದೇ ತಪ್ಪು ಕಂಡರೂ ಪಟ್ಟಿ ವಾಪಸ್.

ಎಸ್‌ಎಂಪಿಎಸ್: ಯಾರೂ ಕೇಳದ ಪ್ರಶ್ನೆ

ಕಾರ್ಡ್ ಕೊಳ್ಳುವ ಉತ್ಸಾಹದಲ್ಲಿ ಎಲ್ಲರೂ ಹಾರಿಬಿಡುವುದು ಇದನ್ನೇ. ಕ್ಯಾಬಿನೆಟ್ ಜೊತೆಗೆ ಬಂದ ಎಸ್‌ಎಂಪಿಎಸ್ ಮೇಲೆ ‘450 ವ್ಯಾಟ್’ ಎಂದು ದಪ್ಪಕ್ಷರದಲ್ಲಿರುತ್ತದೆ. ದಪ್ಪಕ್ಷರ ಬಿಡಿ, ಕೆಳಗಿನ ಪಟ್ಟಿ ಓದಿ. 12 ವೋಲ್ಟ್ ಎದುರು ಎಷ್ಟು ಆಂಪಿಯರ್ ಇದೆ? 16 ಎಂದಿದ್ದರೆ 12×16, ಅಂದರೆ 192 ವ್ಯಾಟ್. ಪ್ರೊಸೆಸರಿಗೂ ಕಾರ್ಡಿಗೂ ನಿಜವಾಗಿ ಸಿಗುವುದು ಅಷ್ಟೇ. ನಮ್ಮ ಪ್ರೊಸೆಸರಿಗೆ 84 ವ್ಯಾಟ್, ಸಣ್ಣ ಕಾರ್ಡಿಗೆ 75, ಡಿಸ್ಕು ಫ್ಯಾನುಗಳಿಗೆ ಇನ್ನಷ್ಟು. ಹತ್ತು ವರ್ಷ ದುಡಿದ ಅಗ್ಗದ ಡಬ್ಬ ಆ ಅಂಚಿನಲ್ಲಿ ಓಡಿದರೆ ಆಟದ ನಡುವೆ ಕಂಪ್ಯೂಟರ್ ಪಟ್ಟನೆ ಆರುತ್ತದೆ. ಕೆಟ್ಟ ದಿನವಾದರೆ ತಾನು ಸಾಯುವುದರ ಜೊತೆಗೆ ಬೋರ್ಡನ್ನೂ ಕರೆದೊಯ್ಯುತ್ತದೆ.

ಹೆಸರುವಾಸಿ ಕಂಪನಿಯ, 80 ಪ್ಲಸ್ ಬ್ರಾಂಝ್ ಗುರುತಿನ (ವಿದ್ಯುತ್ ಕಡಿಮೆ ಪೋಲು ಮಾಡುತ್ತದೆ ಎಂಬ ದಕ್ಷತೆಯ ಮುದ್ರೆ) 450 ವ್ಯಾಟ್ ಎಸ್‌ಎಂಪಿಎಸ್ ಈ ಯಂತ್ರಕ್ಕೆ ಧಾರಾಳ. ವಾರಂಟಿ ಕನಿಷ್ಠ ಮೂರು ವರ್ಷವಿರಲಿ. ಇದನ್ನು ಮಾತ್ರ ನಾನು ಸೆಕೆಂಡ್ ಹ್ಯಾಂಡ್ ಕೊಳ್ಳುವುದಿಲ್ಲ. ಜೋಡಿಸುವಾಗ ಪ್ರೊಸೆಸರಿನ ಎಂಟು ಸೂಜಿಯ ತಂತಿ ಮತ್ತು ಕಾರ್ಡಿನ ಎಂಟು ಸೂಜಿಯ ತಂತಿ ನೋಡಲು ಅಣ್ಣತಮ್ಮಂದಿರಂತಿದ್ದರೂ ಒಳಗಿನ ಜೋಡಣೆ ಬೇರೆ. ತಂತಿಯ ಮೇಲೆ ಬರೆದಿರುವುದನ್ನು ಓದಿಯೇ ಸಿಕ್ಕಿಸಿ. ಬೇರೆ ಎಸ್‌ಎಂಪಿಎಸ್‌ನ ಕಳಚುವ ತಂತಿಗಳನ್ನು ಇದಕ್ಕೆ ಬಳಸಿದರೆ ಡಿಸ್ಕುಗಳು ಒಂದೇ ಕ್ಷಣದಲ್ಲಿ ಸುಡಬಹುದು.

ಕಚೇರಿಗಳಿಂದ ಹರಾಜಾಗಿ ಬಂದ ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ನಿಮ್ಮದಾಗಿದ್ದರೆ ಇನ್ನೂ ಒಂದು ತೊಡಕು. ಕೆಲವಕ್ಕೆ ಬೋರ್ಡಿನ ವಿದ್ಯುತ್ ಸಂಪರ್ಕವೇ ತಮ್ಮದೇ ವಿನ್ಯಾಸದ್ದು, ಸಾಮಾನ್ಯವಾದ 24 ಸೂಜಿಯದ್ದಲ್ಲ. ಮಾರುಕಟ್ಟೆಯ ಎಸ್‌ಎಂಪಿಎಸ್ ನೇರವಾಗಿ ಹೊಂದುವುದಿಲ್ಲ. ಅಂಥವುಗಳಲ್ಲಿ ಇರುವ ಎಸ್‌ಎಂಪಿಎಸ್ಸಿಗೆ ತಕ್ಕ ಕಾರ್ಡ್ ಆರಿಸುವುದೇ ಜಾಣತನ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಹಾಗಿದ್ದರೆ ಕಾರ್ಡ್ ತರುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿ ಆಡುವ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಗ್ರಾಫಿಕ್ಸ್ ಕಾರ್ಡ್: ಕೊನೆಗೂ

ಮದರ್‌ಬೋರ್ಡಿನ ಕಿಂಡಿ ಕಾರ್ಡಿಗೆ ಕೊಡಬಹುದಾದ ವಿದ್ಯುತ್ ಗರಿಷ್ಠ 75 ವ್ಯಾಟ್. ಅದರೊಳಗೆ ನಡೆಯುವ ಕಾರ್ಡಿಗೆ ಪ್ರತ್ಯೇಕ ತಂತಿ ಬೇಡ. ಹಳೆಯ ಯಂತ್ರಗಳಿಗೆ ನಾನು ಹುಡುಕುವುದು ಈ ಗುಂಪಿನಲ್ಲೇ.

ಇಲ್ಲಿ ಎಚ್81ರ ಒಂದು ಗುಟ್ಟು ತಿಳಿದಿರಬೇಕು. ಪ್ರೊಸೆಸರಿಗೆ ಪಿಸಿಐ ಎಕ್ಸ್‌ಪ್ರೆಸ್ 3.0 (ಕಾರ್ಡ್ ಕೂರುವ ಕಿಂಡಿಯ ಮಾನದಂಡ, ಸಂಖ್ಯೆ ಏರಿದಂತೆ ವೇಗ ಹೆಚ್ಚು) ಗೊತ್ತಿದ್ದರೂ ಈ ಚಿಪ್‌ಸೆಟ್‌ನ ಬೋರ್ಡಿನಲ್ಲಿ ಕಿಂಡಿ 2.0ಕ್ಕೆ ಸೀಮಿತ. ಹದಿನಾರು ದಾರಿಗಳನ್ನೂ ಬಳಸುವ ಕಾರ್ಡಿಗೆ ಸೆಕೆಂಡಿಗೆ ಸುಮಾರು 8 ಜಿಬಿ ಸಿಗುತ್ತದೆ. ಎಂಟು ದಾರಿಯ ಕಾರ್ಡಿಗೆ 4, ನಾಲ್ಕು ದಾರಿಯದಕ್ಕೆ ಬರೀ 2. ಎಎಂಡಿಯ ಆರ್‌ಎಕ್ಸ್ 6400 ನೋಡಲು ಆಕರ್ಷಕ, 53 ವ್ಯಾಟ್ ಮಾತ್ರ. ಆದರೆ ಅದು ನಾಲ್ಕೇ ದಾರಿಯ ಕಾರ್ಡ್, ಹೊಸ 4.0 ಕಿಂಡಿಗಾಗಿ ಮಾಡಿದ್ದು. ನಮ್ಮ ಬೋರ್ಡಿನಲ್ಲಿ ಅದಕ್ಕೆ ಉಸಿರುಗಟ್ಟುತ್ತದೆ. ಇಂಟೆಲ್‌ನ ಆರ್ಕ್ ಕಾರ್ಡುಗಳು ಚೆನ್ನಾಗಿ ಓಡಲು ಬೋರ್ಡಿನಲ್ಲಿ ರಿಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನು ಪ್ರೊಸೆಸರ್ ಪೂರ್ತಿಯಾಗಿ ಮುಟ್ಟಲು ಬಿಡುವ) ಸೌಲಭ್ಯ ಬೇಕು, ಇಷ್ಟು ಹಳೆಯದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿಗೆ ಅವೂ ಹೊರಗೆ.

ನಮಗೆ ಹೊಂದಿದ್ದು ಎನ್ವಿಡಿಯಾದ ಜಿಟಿಎಕ್ಸ್ 1650. 2019ರ ಕಾರ್ಡ್, 4 ಜಿಬಿ ಮೆಮೊರಿ, 75 ವ್ಯಾಟ್, ಹದಿನಾರು ದಾರಿ. ಇದರಲ್ಲೇ ಕೆಲವು ಮಾದರಿಗಳಿಗೆ ಆರು ಸೂಜಿಯ ತಂತಿ ಬೇಕಾಗುತ್ತದೆ, ಚಿತ್ರ ನೋಡಿಯೇ ಕೊಳ್ಳಿ. ಹೊಸದೇ ಬೇಕೆನ್ನುವವರಿಗೆ 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ ಇದೆ, 70 ವ್ಯಾಟ್. ಎಂಟೇ ದಾರಿಯಾದ್ದರಿಂದ ಎಚ್81ರಲ್ಲಿ ಸ್ವಲ್ಪ ನಷ್ಟವಾಗುತ್ತದೆ, ಬಿ85 ಅಥವಾ ಎಚ್87 ಬೋರ್ಡ್ ಇದ್ದವರಿಗೆ ಅಷ್ಟು ಬಾಧೆಯಿಲ್ಲ. ಜಿಟಿಎಕ್ಸ್ 1050 ಟಿಐ ಇನ್ನೂ ಅಗ್ಗಕ್ಕೆ ಸಿಗುತ್ತದೆ, ಆದರೆ ಆ ಪೀಳಿಗೆಗೆ ಎನ್ವಿಡಿಯಾ ಹೊಸ ಆಟಗಳ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ಮುಗಿಸಿತು. ಹಳೆಯ ಆಟಗಳಷ್ಟೇ ಸಾಕು ಎಂದರೆ ಕೊಳ್ಳಬಹುದು.

ಬೇಡವೇ ಬೇಡದ್ದು ಜಿಟಿ 710 ಮತ್ತು ಜಿಟಿ 730. ‘2 ಜಿಬಿ, 4 ಜಿಬಿ ಕಾರ್ಡ್’ ಎಂದು ಅಂಗಡಿಗಳಲ್ಲಿ ಇನ್ನೂ ಕೈಗಿಡುತ್ತಾರೆ. ಪರದೆ ಬೆಳಗಿಸಲು ಅವು ಸಾಕು, ಆಟಕ್ಕಲ್ಲ. ಜಿಟಿ 1030ರ ಕತೆ ಇನ್ನೂ ತಮಾಷೆಯದು: ಒಂದೇ ಹೆಸರಿನಲ್ಲಿ ಎರಡು ಕಾರ್ಡುಗಳಿವೆ. ಜಿಡಿಡಿಆರ್5 ಮೆಮೊರಿಯದ್ದು ಸೆಕೆಂಡಿಗೆ 48 ಜಿಬಿ ಹರಿಸಿದರೆ ಡಿಡಿಆರ್4 ಮೆಮೊರಿಯದ್ದು ಸುಮಾರು 17 ಜಿಬಿ. ಪೆಟ್ಟಿಗೆಯ ಮೇಲಿನ ಆ ಒಂದು ಅಕ್ಷರ ನೋಡದೆ ತಂದವರು ಕಾರ್ಡಿನ ಅರ್ಧ ಶಕ್ತಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದಂತೆ.

ಸೆಕೆಂಡ್ ಹ್ಯಾಂಡ್ ಕಾರ್ಡಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದೆ, ಆನ್‌ಲೈನ್ ಮಾರಾಟವೂ ಇದೆ. ಎಲ್ಲಿಯೇ ಆಗಲಿ, ಕಾರ್ಡ್ ಓಡುವುದನ್ನು ಕಣ್ಣಾರೆ ನೋಡದೆ ಹಣ ಕೊಡಬೇಡಿ. ಅದೃಷ್ಟ ಕೆಟ್ಟರೆ ಸಿಗುವುದು ಹಳೆಯ ಅಗ್ಗದ ಕಾರ್ಡಿನ ಬಯಾಸ್ ತಿದ್ದಿ ಹೊಸ ಹೆಸರು ಹಚ್ಚಿದ್ದು. ವಿಂಡೋಸ್ ಕೂಡ ಆ ಸುಳ್ಳು ಹೆಸರನ್ನೇ ತೋರಿಸುತ್ತದೆ. ಜಿಪಿಯು-ಝಡ್ ಎಂಬ ಸಣ್ಣ ತಂತ್ರಾಂಶ ಇಂಥ ಬಹಳಷ್ಟು ನಕಲಿಗಳನ್ನು ಹಿಡಿದು ಹೇಳುತ್ತದೆ. ಪೆನ್‌ಡ್ರೈವ್‌ನಲ್ಲಿ ಜೊತೆಗೊಯ್ಯಿರಿ. ಹದಿನೈದು ನಿಮಿಷ ಭಾರ ಹಾಕಿ ಓಡಿಸಿ, ಫ್ಯಾನ್ ಶಬ್ದ ಕೇಳಿ, ಪರದೆಯಲ್ಲಿ ಬಣ್ಣದ ಚುಕ್ಕೆ ಚದುರಿದರೆ ಎದ್ದು ಬನ್ನಿ. ಹೊರಡುವ ಮೊದಲು ಮನೆಯಲ್ಲಿ ಟೇಪ್ ಹಿಡಿದು ಕ್ಯಾಬಿನೆಟ್ಟಿನೊಳಗೆ ಎಷ್ಟು ಉದ್ದದ ಕಾರ್ಡ್ ಹಿಡಿಯುತ್ತದೆ ಎಂದು ಅಳೆದುಕೊಂಡಿರಿ. ನಾನು ಅಳೆಯದೆ ಹೋಗಿ, ಕೊನೆಗೆ ಕ್ಯಾಬಿನೆಟ್ಟಿನ ಹಾರ್ಡ್ ಡಿಸ್ಕ್ ಗೂಡಿನ ಸ್ಕ್ರೂ ಬಿಚ್ಚಿ ಪಕ್ಕಕ್ಕೆ ಸರಿಸಬೇಕಾಯಿತು.

ಹಾಕುವುದು ಸುಲಭ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಂಡು, ಕಾರ್ಡನ್ನು ಉದ್ದ ಕಿಂಡಿಗೆ ನೇರವಾಗಿ ಒತ್ತಿ, ಸ್ಕ್ರೂ ಬಿಗಿಯಿರಿ. ಆಮೇಲೆ ಮಾನಿಟರಿನ ತಂತಿಯನ್ನು ಬೋರ್ಡಿನಿಂದ ಕಿತ್ತು ಕಾರ್ಡಿಗೆ ಸಿಕ್ಕಿಸಿ. ಇದನ್ನು ಮರೆತು ‘ಕಾರ್ಡ್ ಹಾಕಿದರೂ ಏನೂ ಬದಲಾಗಲಿಲ್ಲ’ ಎನ್ನುವವರು ಒಬ್ಬಿಬ್ಬರಲ್ಲ. ಹಳೆಯ ಮಾನಿಟರಿಗೆ ವಿಜಿಎ ಮಾತ್ರ ಇದ್ದರೆ ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಪರಿವರ್ತಕ ಬೇಕು, ಈ ಕಾರ್ಡುಗಳಲ್ಲಿ ವಿಜಿಎ ಕಿಂಡಿ ಇಲ್ಲ. ಪರದೆ ಕಪ್ಪಾಗಿಯೇ ಉಳಿದರೆ ಕಾರ್ಡ್ ತೆಗೆದು, ಬೋರ್ಡ್ ತಯಾರಕರ ತಾಣದಿಂದ ಬಯಾಸ್ ಪರಿಷ್ಕರಿಸಿ ಮತ್ತೆ ಪ್ರಯತ್ನಿಸಿ. ಆ ಹೊತ್ತಿನಲ್ಲಿ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು, ಯುಪಿಎಸ್ ಇಲ್ಲದೆ ಆ ಸಾಹಸ ಬೇಡ.

ಪ್ರೊಸೆಸರ್: ಇಲ್ಲಿ ಕೈ ಬಿಗಿ ಹಿಡಿಯಿರಿ

ಇದೇ ಬೋರ್ಡಿಗೆ ಹೊಂದುವ ಐ7-4790 ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಕೋರ್ ನಾಲ್ಕೇ ಆದರೂ ಏಕಕಾಲಕ್ಕೆ ಎಂಟು ಎಳೆಗಳನ್ನು (ಕೆಲಸದ ಸರಣಿಗಳನ್ನು) ನಡೆಸುತ್ತದೆ. ಕೌಂಟರ್-ಸ್ಟ್ರೈಕ್ 2ರಂಥ ಆಟಗಳಲ್ಲಿ ಅದರಿಂದ ಉಪಯೋಗವಿದೆ. ರೆಸಲ್ಯೂಶನ್ ಪರೀಕ್ಷೆಯಲ್ಲಿ ಪ್ರೊಸೆಸರೇ ಸೋತದ್ದು ಖಚಿತವಾಗಿದ್ದು, ಬೆಲೆ ಕೈಗೆಟುಕಿದರೆ ಮಾತ್ರ ತನ್ನಿ. ಅದಕ್ಕೂ ಮೀರಿದ್ದು ಬೇಕೆಂದರೆ ಹೊಸ ಬೋರ್ಡ್, ಹೊಸ ಪ್ರೊಸೆಸರ್, ಹೊಸ ರ‍್ಯಾಮ್ ಮೂರೂ ಬೇಕು, ಏಕೆಂದರೆ ಡಿಡಿಆರ್3 ಪಟ್ಟಿಗಳು ಅಲ್ಲಿಗೆ ಬರುವುದಿಲ್ಲ. ಹಳೆಯ ಬೋರ್ಡಿಗೆ ದುಬಾರಿ ಕಾರ್ಡ್ ಹಾಕಿ, ಮತ್ತೆ ಪ್ರೊಸೆಸರ್ ಹುಡುಕಿ, ಮೂಗಿಗಿಂತ ಮೂಗುತಿ ಭಾರ ಮಾಡಿಕೊಂಡವರನ್ನು ಕಂಡಿದ್ದೇನೆ. ಎಸ್‌ಎಸ್‌ಡಿ, ಎಸ್‌ಎಂಪಿಎಸ್ ಮತ್ತು ಕಾರ್ಡ್ ನಾಳೆ ಹೊಸ ಯಂತ್ರಕ್ಕೂ ನಡೆಯುತ್ತವೆ. ಡಿಡಿಆರ್3 ರ‍್ಯಾಮ್ ಮತ್ತು ಐ7 ಇಲ್ಲೇ ಉಳಿಯುತ್ತವೆ. ಎರಡನೇ ಗುಂಪಿಗೆ ಹಾಕುವ ದುಡ್ಡು ಸಣ್ಣದಿರಲಿ.

ಆಟದೊಳಗಿನ ಹೊಂದಾಣಿಕೆ

ಕಾರ್ಡ್ ಕೂತ ಮೇಲೆ ಹುಡುಗ ಮಾಡಿದ ಮೊದಲ ಕೆಲಸ ಎಲ್ಲವನ್ನೂ ‘ಅಲ್ಟ್ರಾ’ಕ್ಕೆ ಏರಿಸಿದ್ದು. ಆಟ ಮತ್ತೆ ಎಡವಿತು. 4 ಜಿಬಿ ಕಾರ್ಡಿನಲ್ಲಿ ಮೊದಲು ನೋಡಬೇಕಾದದ್ದು ಟೆಕ್ಸ್ಚರ್, ಅಂದರೆ ವಸ್ತುಗಳ ಮೇಲೆ ಹೊದಿಸುವ ಚಿತ್ರಗಳ ಗುಣಮಟ್ಟ: ಕಾರ್ಡಿನ ಮೆಮೊರಿಯೊಳಗೆ ಹಿಡಿಯುವವರೆಗೆ ಅದನ್ನು ಏರಿಸಿದರೆ ಹೆಚ್ಚು ನಷ್ಟವಿಲ್ಲ, ಮಿತಿ ದಾಟಿದ ಕೂಡಲೇ ಮುಳ್ಳುಗಳು ಏಳುತ್ತವೆ. ನೆರಳಿನ ಗುಣಮಟ್ಟ ತುಂಬಾ ತಿನ್ನುತ್ತದೆ, ಕೊಡುವುದು ಕಡಿಮೆ. ಮಧ್ಯಮಕ್ಕೆ ಇಳಿಸಿ. ಎಷ್ಟು ದೂರದವರೆಗೆ ಕಾಣಬೇಕು, ರಸ್ತೆಯಲ್ಲಿ ಎಷ್ಟು ಜನ ಓಡಾಡಬೇಕು ಎಂಬವು ಬಹುಮಟ್ಟಿಗೆ ಪ್ರೊಸೆಸರಿನ ಹೊರೆ. ಜಿಟಿಎ 5ರಲ್ಲಿ ಹುಲ್ಲಿನ ಗುಣಮಟ್ಟ ಮತ್ತು ಎಂಎಸ್‌ಎಎ (ಅಂಚುಗಳ ಮೊನಚನ್ನು ನಯಗೊಳಿಸುವ ಆಯ್ಕೆ) ಎರಡನ್ನು ತಗ್ಗಿಸಿದರೆ ಊರಾಚೆಯ ಗುಡ್ಡಗಾಡಿನಲ್ಲಿ ಕಾಣುವ ವ್ಯತ್ಯಾಸ ನಂಬಲಾರದಷ್ಟು. ಹೊಸ ಆಟಗಳಲ್ಲಿ ಎಫ್‌ಎಸ್‌ಆರ್ ಎಂಬ ಆಯ್ಕೆ ಇದ್ದರೆ ಬಳಸಿ. ಕಡಿಮೆ ರೆಸಲ್ಯೂಶನ್ನಿನಲ್ಲಿ ಚಿತ್ರ ಬಿಡಿಸಿ ದೊಡ್ಡದು ಮಾಡುವ ಎಎಂಡಿಯ ಈ ವಿಧಾನ ಎನ್ವಿಡಿಯಾ ಕಾರ್ಡಿನಲ್ಲೂ ನಡೆಯುತ್ತದೆ.

ಕೊನೆಯದಾಗಿ ಫ್ರೇಮ್‌ಗಳಿಗೆ ಒಂದು ಮಿತಿ ಹಾಕಿ. ನಮ್ಮ ಮಾನಿಟರ್ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸಬಲ್ಲದು. ಕಾರ್ಡ್ ಒಮ್ಮೆ 90, ಒಮ್ಮೆ 55 ಎಂದು ಜಿಗಿದಾಡುವ ಬದಲು ರಿವಾಟ್ಯೂನರಿನಲ್ಲಿ 60ಕ್ಕೆ ಕಟ್ಟಿಹಾಕಿದರೆ ಬಿಸಿಯೂ ಕಡಿಮೆ, ಗೆರೆಯೂ ಸಮತಟ್ಟು. ಹುಡುಗನಿಗೆ ಮೊದಲು ಇದು ಹಿಡಿಸಲಿಲ್ಲ, “90 ಬರುತ್ತಿತ್ತಲ್ಲ ಮಾಮ, ಯಾಕೆ ಕಡಿಮೆ ಮಾಡಿದೆ?” ಎಂದ. ಒಂದು ಪಂದ್ಯ ಆಡಿ ನೋಡು ಎಂದೆ. ಮೂರು ಪಂದ್ಯ ಮುಗಿದರೂ ಎದ್ದು ಬರಲಿಲ್ಲ. ಅಕ್ಕ ಊಟಕ್ಕೆ ಕರೆದು ಕರೆದು ಸಾಕಾಗಿ ನನ್ನ ಮೇಲೆ ರೇಗಿದಳು.